ಕೋಳಿಗೂ ಓಟು, ಮದುವೆಗೂ ಓಟು

2008ರ ನವೆಂಬರ್ 4, ಒಬಾಮಾ ಗೆದ್ದ ದಿನ. ಅದೇ ದಿನ ಕ್ಯಾಲಿಫೋರ್ನಿಯಾದ ಮತದಾರರಿಗೆ ಬೇರೆ ಪ್ರಶ್ನೆಗಳೂ ಇದ್ದವು. ಮೊಟ್ಟೆ ಕೋಳಿಗಳಿಗೆ ರೆಕ್ಕೆ ಬಿಚ್ಚುವಷ್ಟು ಜಾಗ ಕೊಡಬೇಕೆ? ನೂರಕ್ಕೆ 63ಕ್ಕೂ ಹೆಚ್ಚು ಜನ ಹೂಂ ಅಂದರು. ಜೂನ್‌ನಿಂದ ನಡೆಯುತ್ತಿದ್ದ ಸಲಿಂಗಿಗಳ ಮದುವೆಯನ್ನು ರಾಜ್ಯದ ಸಂವಿಧಾನದಲ್ಲೇ ತಡೆಯಬೇಕೆ? ಇದು ಪ್ರೊಪೊಸಿಷನ್ 8. ನೂರಕ್ಕೆ 52 ಜನ ಅದಕ್ಕೂ ಹೂಂ ಅಂದರು! (ಕೋಳಿ ಬಗ್ಗೆ ನನ್ನ ತಕರಾರೇನಿಲ್ಲ ಬಿಡಿ.)

"ಪ್ರಜಾಪ್ರಭುತ್ವ ಕಣ್ರೀ, ಬಹುಮತ ಬಂತು, ಮುಗೀತು" ಅನ್ನೋರಿದ್ದಾರೆ. ಅಲ್ಲಾ ಸ್ವಾಮಿ, ರಸ್ತೆ, ತೆರಿಗೆ, ನೀರಿಗೆ ಓಟು ಹಾಕೋಣ. ಅದರ ಬಿಸಿ ಹಾಕಿದವನಿಗೂ ತಟ್ಟುತ್ತೆ. ಪಕ್ಕದ ಮನೆಯವರ ಮದುವೆಯಿಂದ ನಿಮ್ಮ ಮನೆಯ ಯಾವ ಹೆಂಚು ಹಾರಿಹೋಗುತ್ತೆ? ಇದೇ ರಾಜ್ಯದಲ್ಲಿ ಬಿಳಿಯರು ಕರಿಯರನ್ನು ಮದುವೆಯಾಗಬಾರದು ಅನ್ನೋ ಕಾನೂನನ್ನು 1948ರಲ್ಲಿ ಕಿತ್ತೆಸೆದದ್ದು ಜನರ ಓಟಲ್ಲ, ರಾಜ್ಯದ ಸುಪ್ರೀಂ ಕೋರ್ಟು. ನಮ್ಮ ಕಡೆ ಅಂತರ್ಜಾತಿ ಮದುವೆಗೆ ಊರೆಲ್ಲ ಓಟು ಹಾಕಲಿ ಅಂದ್ರೆ ಎಷ್ಟು ಜೋಡಿ ಪಾಸಾಗ್ತಾವೆ? ನೀವೇ ಲೆಕ್ಕ ಹಾಕಿ...

ಕ್ಯಾಲಿಫೋರ್ನಿಯಾದಲ್ಲೂ ಅಷ್ಟೇ. 2013ರ ಜೂನ್‌ನಲ್ಲಿ ಆ ಮದುವೆಗಳು ಮತ್ತೆ ಶುರುವಾದದ್ದು ಕೋರ್ಟಿನಿಂದ. 2024ರ ನವೆಂಬರ್‌ನಲ್ಲಿ ನೂರಕ್ಕೆ 62ಕ್ಕೂ ಹೆಚ್ಚು ಜನ ಓಟು ಹಾಕಿ ಆ ಸಾಲನ್ನು ಸಂವಿಧಾನದಿಂದ ಅಳಿಸಿದರು. "ನೋಡಿದ್ಯಾ, ಜನ ಬದಲಾದ್ರು" ಅಂತಾರೆ ಗೆಳೆಯರು. ಸಂತೋಷ. ಆದರೆ ನಡುವಿನ ನಾಲ್ಕೂವರೆ ವರ್ಷ ಕಾದವರಲ್ಲಿ ಕಾಯುತ್ತಲೇ ಸತ್ತವರೂ ಇರ್ತಾರಲ್ಲ, ಅವರಿಗೆ ಈ 62ನ್ನು ತಲುಪಿಸೋದು ಯಾರು?