ಸೊಂಟ ಕಪ್ಪೋ, ಕೆಂಪೋ?

ತೋಟಲ್ಲಿ 'ಟಕ ಟಕ' ಕೇಳಿರೆ ಸಾಕು, "ಅದು ಮರಕುಟಿಗ" ಹೇಳಿ ನಾವು ಮಾತು ಮುಗುಶುತ್ತು. ಅಷ್ಟಕ್ಕೇ ಬಿಡ್ಳಾಗ ಹೇಳಿ ಎನ್ನ ಅಭಿಪ್ರಾಯ.

ಹೊಂಬಣ್ಣದ ಬೆನ್ನು, ಕೆಂಪು ಜುಟ್ಟಿನ ಮರಕುಟಿಗ ನಮ್ಮ ಹೊಡೆಲಿ ಒಂದೇ ಅಲ್ಲ. ಒಂದು ತೆಂಗಿನ ತೋಟದ್ದು, ಇನ್ನೊಂದು ರಜ್ಜ ದೊಡ್ಡ, ಕಾಡಿಂದು. ಜುಟ್ಟು ನೋಡಿಗೊಂಡು ಕೂದರೆ ಎಂತದೂ ಗೊಂತಾಗ. ಹಾರುವಗ ಬೀಲಂದ ಮೇಲೆ, ಸೊಂಟ ನೋಡೆಕ್ಕು: ತೋಟದ್ದಕ್ಕೆ ಕಪ್ಪು, ಕಾಡಿಂದಕ್ಕೆ ಕೆಂಪು. ಸೊಂಟ ಕೆಂಪಿಪ್ಪ ಮೂರನೆಯ ಜಾತಿಯೂ ಒಂದು ಇದ್ದು, ಹಾಂಗಾಗಿ ಕೊರಳಿನ ಹಿಂದೆಯೂ ನೋಡಿ. ಕಾಡಿನ ದೊಡ್ಡದಕ್ಕೆ ಅಲ್ಲಿ ಬೆಳಿ, ಒಳುದ ಎರಡಕ್ಕೂ ಕಪ್ಪು. ದೊಡ್ಡದರ ಕಣ್ಣೂ ಬೆಳಿಚ್ಚ, ಕೊಕ್ಕು ಉದ್ದ, ಮೀಸೆಯ ಹಾಂಗಿಪ್ಪ ಕಪ್ಪು ಗೆರೆ ಎರಡಾಗಿ ಸೀಳಿರ್ತು. ತೋಟದ್ದರ ಗಂಟಲು ಕಪ್ಪು, ಅದರಲ್ಲಿ ಬೆಳಿ ಚುಕ್ಕಿ. ಪಾತ್ರೆ ತೊಳವಲ್ಲಿಂದಲೇ ಇಷ್ಟು ಕಾಂಗು, ಬೈನಾಕ್ಯುಲರ್ ಬೇಕು ಹೇಳಿ ಇಲ್ಲೆ.

ಇದೆಲ್ಲ ಎಂತಕೆ ಹೇಳಿ ಮಕ್ಕೊ ಕೇಳುಗು. ತೋಟದ್ದು ತೆಂಗಿನ ಮರಲ್ಲಿಯೂ ಒಟ್ಟೆ ಕೊರದು ಬದ್ಕುತ್ತು. ಕಾಡಿಂದಕ್ಕೆ ದೊಡ್ಡ ಮರವೇ ಆಯೆಕ್ಕು. ಗುಡ್ಡೆಯ ಹಳೆ ಮರ ಕಡುಶಿ ರಬ್ಬರ್ ಹಾಕಿಕ್ಕಿ, "ಮರಕುಟಿಗ ಈಗಳೂ ಬತ್ತನ್ನೆ" ಹೇಳಿ ಸಮಾಧಾನ ಮಾಡಿಗೊಂಬವು ಇದ್ದವು. ಬಪ್ಪದು ತೋಟದ್ದು! ಹೋದ್ದು ಯಾವುದು ಹೇಳಿ ಗೊಂತಾಗೆಡದೋ?

ಸೌದಿಗೆ ಹೇಳಿ ಒಣಗಿದ ಮರ ಕಡುಶುವ ಮದಲು ಒಂದರಿ ಮೇಲೆ ನೋಡಿ, ಅತ್ತಿಗೆ. ಒಟ್ಟೆ ಇದ್ದರೆ ಬಿಡಿ. ಮರಕುಟಿಗ ಬಿಟ್ಟ ಒಟ್ಟೆಲಿ ಗಿಳಿ, ಮೈನ ಎಲ್ಲ ಮೊಟ್ಟೆ ಮಡುಗುತ್ತವು.