ಮೋಟಾರು ತಿರುಗುತ್ತದೆ, ನೀರು ಬರುವುದಿಲ್ಲ

ಸಹೋದರಿ, ಬೆಳಿಗ್ಗೆ ಫಜ್ರ್‌ಗೆ ಎದ್ದು ನಲ್ಲಿ ತಿರುಗಿಸುತ್ತೀರಿ. ಟ್ಯಾಂಕ್ ಖಾಲಿ. ಸ್ವಿಚ್ ಹಾಕಿದರೆ ಮೋಟಾರು ಎಂದಿನಂತೆ ತಿರುಗುತ್ತದೆ, ನೀರು ಮಾತ್ರ ಬರುವುದಿಲ್ಲ. ಮೆಕ್ಯಾನಿಕ್ ಬರುವುದು ಸಂಜೆಗೋ ನಾಳೆಗೋ. ಅಲ್ಲಿಯವರೆಗೆ ಕೊಡಪಾನ ಸೇದುವವರು ಯಾರು? ನಾವೇ. ಅದಕ್ಕಾಗಿ ಈ ತಿಂಗಳು ಪಂಪಿನ ಬಗ್ಗೆ ಬರೆಯುತ್ತಿದ್ದೇನೆ.

ಬಾವಿಕಟ್ಟೆಯ ಬಳಿ ಇಡುವ ಪಂಪು ನೀರನ್ನು ಎಳೆಯುತ್ತದೆ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ಅದು ಪೈಪಿನೊಳಗಿನ ಒತ್ತಡವನ್ನು ತಗ್ಗಿಸುತ್ತದೆ ಅಷ್ಟೆ. ಬಾವಿಯ ನೀರನ್ನು ಒತ್ತಿ ಪೈಪಿನೊಳಗೆ ಏರಿಸುವುದು ಹೊರಗಿನ ಗಾಳಿ. ಸ್ಟ್ರಾ ಹಾಕಿ ಶರಬತ್ತು ಕುಡಿಯುವುದೂ ಹೀಗೆಯೇ. ಸ್ಟ್ರಾ ತೂತಾಗಿದ್ದರೆ ಬಾಯಿಗೆ ಬರೀ ಗಾಳಿ ಬರುತ್ತದೆ. ಆದ್ದರಿಂದ ಮೋಟಾರು ಚೆನ್ನಾಗಿ ತಿರುಗುತ್ತಿದ್ದರೆ ಮೊದಲು ನೋಡಬೇಕಾದದ್ದು ಬಾವಿಯಿಂದ ಪಂಪಿನವರೆಗಿನ ಪೈಪನ್ನು. ಇದನ್ನು ನಾನು ಕಲಿತದ್ದು ಮೂರು ಮನೆಗಳಲ್ಲಿ.

ಮೊದಲನೆಯದು ಸಾಗರದ ನಮ್ಮ ಮನೆ. ಪಂಪಿಗೆ ಎಷ್ಟು ನೀರು ತುಂಬಿಸಿದರೂ ಇಳಿದುಹೋಗುತ್ತಿತ್ತು. ಬಂದವರೊಬ್ಬರು ಕಾಯಿಲ್ ಸುಟ್ಟಿದೆ ಎಂದರು. ನಾವು ನಂಬಿ ಮೋಟಾರು ಬಿಚ್ಚಿ ಕಳಿಸಿದೆವು. ಹಣವೂ ಹೋಯಿತು, ಮೂರು ದಿನವೂ ಹೋಯಿತು, ನೀರು ಬರಲಿಲ್ಲ. ಕೊನೆಗೆ ಪೈಪು ಮೇಲೆತ್ತಿದಾಗ ಫುಟ್‌ವಾಲ್ವ್‌ನಲ್ಲಿ ಹಲಸಿನ ಎಲೆಯ ಚೂರು ಸಿಕ್ಕಿಕೊಂಡಿತ್ತು. ಫುಟ್‌ವಾಲ್ವ್ ಎಂದರೆ ನೀರನ್ನು ಮೇಲಕ್ಕೆ ಬಿಟ್ಟು ಕೆಳಕ್ಕೆ ಬಿಡದ ಬಾಗಿಲು. ಅದು ಮುಚ್ಚದಿದ್ದರೆ ಪೈಪಿನಲ್ಲಿ ನೀರು ನಿಲ್ಲುವುದಿಲ್ಲ. ಕಾಯಿಲ್ ಸುಟ್ಟ ಮೋಟಾರು ಅಷ್ಟು ಸರಾಗವಾಗಿ ತಿರುಗುತ್ತದೆಯೇ ಎಂದು ಆ ದಿನ ಕೇಳಲು ನಮಗೆ ತಿಳಿಯಲಿಲ್ಲ.

ಎರಡನೆಯದು ಹೊಸನಗರದ ತಂಗಿಯ ಮನೆ. ಅಲ್ಲಿ ನೀರು ಗಾಳಿಯೊಂದಿಗೆ ಬಿಟ್ಟುಬಿಟ್ಟು ಬಂದು ನಿಂತುಹೋಗುತ್ತಿತ್ತು. ಪೈಪಿನಿಂದ ಒಂದು ಹನಿಯೂ ಸೋರುತ್ತಿರಲಿಲ್ಲ. ಪಂಪು ಓಡುವಾಗ ಈ ಭಾಗದ ಬಿರುಕು ನೀರು ಸೋರುವುದಿಲ್ಲ, ಗಾಳಿ ಎಳೆದುಕೊಳ್ಳುತ್ತದೆ. ಮೇನ್ ಸ್ವಿಚ್ ತೆಗೆದು, ಪಂಪಿನ ಮೇಲಿನ ಬಿರಡೆ ಬಿಚ್ಚಿ ನೀರು ತುಂಬಿಸಿ, ಪೈಪನ್ನು ಒಣ ಬಟ್ಟೆಯಿಂದ ಒರೆಸಿ ಕಾದೆವು. ಬಿಸಿಲಿಗೆ ಒಣಗಿದ ಜಾಯಿಂಟಿನಲ್ಲಿ ಹನಿ ಕಾಣಿಸಿತು.

ಮೂರನೆಯದು ತೀರ್ಥಹಳ್ಳಿಯ ತವರುಮನೆ. ಅಲ್ಲಿ ಏನೂ ಕೆಟ್ಟಿರಲಿಲ್ಲ, ಬಾವಿಯ ನೀರು ಇಳಿದಿತ್ತು. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಇದೇ ತಾಲೂಕಿನಲ್ಲಿದೆ. ಆದರೂ ಏಪ್ರಿಲ್ ಬಂದರೆ ಬಾವಿಯ ತಳ ಕಾಣುತ್ತದೆ. ಗಾಳಿಯ ಒತ್ತಡಕ್ಕೂ ಮಿತಿಯಿದೆ. ಸಮುದ್ರ ಮಟ್ಟದಲ್ಲಿ ಅದು ನೀರನ್ನು ಏರಿಸಬಲ್ಲದ್ದು ಲೆಕ್ಕದಲ್ಲಿ ಸುಮಾರು 34 ಅಡಿ. ನಮ್ಮ ಮಲೆನಾಡಿನ ಎತ್ತರದಲ್ಲಿ, ಪೈಪಿನ ಘರ್ಷಣೆಯೂ ಸೇರಿದರೆ, ನಂಬಬಹುದಾದದ್ದು 20 ಅಡಿಯ ಆಸುಪಾಸು. ಅದಕ್ಕಿಂತ ಕೆಳಗಿಳಿದ ನೀರನ್ನು ಎಷ್ಟು ದೊಡ್ಡ ಮೋಟಾರು ತಂದರೂ ಮೇಲಿನಿಂದ ಎತ್ತಲಾಗದು. ಪಂಪನ್ನೇ ಬಾವಿಯೊಳಗೆ ಕಟ್ಟೆ ಮಾಡಿ ಇಳಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸುವ ಸಬ್‌ಮರ್ಸಿಬಲ್ ಹಾಕಿಸಬೇಕು. ಹೊಸ ಮೋಟಾರು ಕೊಳ್ಳುವ ಮೊದಲು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಪಂಪಿನಿಂದ ನೀರಿನವರೆಗೆ ಎಷ್ಟು ಅಡಿ ಎಂದು ಅಳೆದು ನೋಡಿ.

ಕೆಲವು ಎಚ್ಚರಿಕೆಗಳು. ಒಂದು ನಿಮಿಷದಲ್ಲಿ ನೀರು ಬರದಿದ್ದರೆ ಸ್ವಿಚ್ ಆರಿಸಿ. ನೀರಿಲ್ಲದೆ ಓಡಿದರೆ ಪಂಪಿನ ಸೀಲ್ ಸುಟ್ಟುಹೋಗುತ್ತದೆ. ಮೋಟಾರು ತಿರುಗದೆ ಬರೀ ಗುಂಯ್ ಎನ್ನುತ್ತಿದ್ದರೆ ತಕ್ಷಣ ಆರಿಸಿ, ಅದು ಮೆಕ್ಯಾನಿಕ್‌ನ ಕೆಲಸ. ಮೇನ್ ಸ್ವಿಚ್ ತೆಗೆಯದೆ ಪಂಪನ್ನು ಮುಟ್ಟಬೇಡಿ. ಒದ್ದೆ ಕೈ, ಬರಿಗಾಲಿನಲ್ಲಿ ಸ್ವಿಚ್ಚಿನ ಹತ್ತಿರ ಹೋಗಬೇಡಿ. ಬಾವಿಗೆ ಬಗ್ಗಿ ಪೈಪು ಎತ್ತುವ ಕೆಲಸ ಒಬ್ಬರೇ ಮಾಡಬೇಡಿ. ಮಕ್ಕಳನ್ನು ದೂರವಿಡಿ.

ರಿಪೇರಿಯನ್ನೆಲ್ಲ ನಾವೇ ಮಾಡಬೇಕೆಂದಲ್ಲ. ಆದರೆ ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ "ನೀರು ಬರುತ್ತಿಲ್ಲ" ಎನ್ನುವುದಕ್ಕೂ "ತುಂಬಿಸಿದ ನೀರು ನಿಲ್ಲುತ್ತಿಲ್ಲ, ಫುಟ್‌ವಾಲ್ವ್ ತನ್ನಿ" ಎನ್ನುವುದಕ್ಕೂ ವ್ಯತ್ಯಾಸವಿದೆ. ಎರಡನೆಯ ಮಾತು ನಿಮಗೆ ಒಂದು ದಿನವನ್ನೂ ಒಂದಿಷ್ಟು ಹಣವನ್ನೂ ಉಳಿಸುತ್ತದೆ.