ಬೆಳೆ ವಿಮೆ ಮತ್ತು ತಪ್ಪು ವಿಳಾಸ: ಹಾಸನ ಜಿಲ್ಲೆಯ ರೈತರು ನೋಂದಣಿಗೆ ಮುನ್ನ ಪರಿಶೀಲಿಸಬೇಕಾದ ಸಂಗತಿಗಳು

ಬೆಳೆ ವಿಮೆಯ ಪರಿಹಾರ ಬಾರದೆ ಹೋದಾಗ ರೈತ ಬಾಂಧವರು ಸಾಮಾನ್ಯವಾಗಿ ಎರಡು ಕಾರಣಗಳನ್ನು ಊಹಿಸುತ್ತಾರೆ. ವಿಮಾ ಕಂಪನಿ ವಂಚಿಸಿತು ಎಂಬುದು ಒಂದು, ಬೆಳೆ ಕಟಾವು ಪ್ರಯೋಗದಲ್ಲಿ ಇಳುವರಿಯನ್ನು ಹೆಚ್ಚಾಗಿ ದಾಖಲಿಸಲಾಯಿತು ಎಂಬುದು ಇನ್ನೊಂದು. ಇವೆರಡಕ್ಕೂ ಮೊದಲೇ ಪರಿಶೀಲಿಸಬೇಕಾದ ಮೂರನೆಯ ಕಾರಣವೊಂದಿದೆ. ಅದು ಅರ್ಜಿಯಲ್ಲಿ ನಮೂದಾಗಿರುವ ವಿಳಾಸ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಆಲೂಗಡ್ಡೆ, ಮುಸುಕಿನ ಜೋಳ, ರಾಗಿ ಮತ್ತು ಭತ್ತ ಬೆಳೆಯುವವರು ಪ್ರತಿ ಹಂಗಾಮಿನಲ್ಲಿ ವಿಮಾ ಕಂತು ಕಟ್ಟುತ್ತಾರೆ. ಅವರಲ್ಲಿ ಹಲವರು ರಸೀದಿಯಲ್ಲಿ ಮೊತ್ತವನ್ನಷ್ಟೇ ನೋಡುತ್ತಾರೆ, ಗ್ರಾಮ ಪಂಚಾಯಿತಿಯ ಹೆಸರನ್ನು ಓದುವುದಿಲ್ಲ. ಪರಿಹಾರದ ಹಣ ಎಷ್ಟು, ಯಾರಿಗೆ, ಯಾವ ಖಾತೆಗೆ ಎಂಬುದು ಆ ಹೆಸರಿನಿಂದಲೇ ಆರಂಭವಾಗಿ ನಿರ್ಧಾರವಾಗುತ್ತದೆ.

ಬೆಳೆ ವಿಮೆಯಲ್ಲಿ ವಿಳಾಸದ ಅರ್ಥ

ಜೀವ ವಿಮೆಯಲ್ಲಿ ವಿಳಾಸವೆಂದರೆ ಪತ್ರ ತಲುಪುವ ಮನೆ. ಬೆಳೆ ವಿಮೆಯಲ್ಲಿ ಅದು ಜಮೀನು ಇರುವ ಸ್ಥಳ. ಕರ್ನಾಟಕದಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯು 2016ರ ಮುಂಗಾರಿನಿಂದ ಜಾರಿಯಲ್ಲಿದೆ. ಇದು ಮುಖ್ಯವಾಗಿ ಪ್ರದೇಶಾಧಾರಿತ ಯೋಜನೆ. ಅಂದರೆ ಒಬ್ಬೊಬ್ಬ ರೈತನ ಹೊಲದ ನಷ್ಟವನ್ನು ಪ್ರತ್ಯೇಕವಾಗಿ ಅಳೆಯದೆ, ಇಡೀ ವಿಮಾ ಘಟಕದ ಸರಾಸರಿ ಇಳುವರಿಯನ್ನು ಅಳೆಯಲಾಗುತ್ತದೆ. ಪ್ರಮುಖ ಬೆಳೆಗಳಿಗೆ ಗ್ರಾಮ ಪಂಚಾಯಿತಿ ಮತ್ತು ಇತರ ಬೆಳೆಗಳಿಗೆ ಹೋಬಳಿ ವಿಮಾ ಘಟಕವಾಗಿರುತ್ತದೆ. ಪಂಚಾಯಿತಿ ಮಟ್ಟದಲ್ಲಿ ಅಧಿಸೂಚಿತವಾದ ಬೆಳೆಗೆ ಪ್ರತಿ ಪಂಚಾಯಿತಿಯಲ್ಲಿ ಕನಿಷ್ಠ 4 ಬೆಳೆ ಕಟಾವು ಪ್ರಯೋಗಗಳು ನಡೆಯಬೇಕು.

ಈ ಚಿಂತನೆಗೆ ನಮ್ಮ ನಾಡಿನಲ್ಲೇ ಬೇರಿದೆ. ಮೈಸೂರು ಸಂಸ್ಥಾನದ ಜೆ.ಎಸ್. ಚಕ್ರವರ್ತಿ ಅವರು ಸುಮಾರು ನೂರು ವರ್ಷಗಳ ಹಿಂದೆಯೇ ಮಳೆಯನ್ನು ಆಧರಿಸಿದ ಕೃಷಿ ವಿಮೆಯ ಯೋಜನೆಯೊಂದನ್ನು ರೂಪಿಸಿ, 1920ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ಪ್ರತಿ ಹೊಲದ ನಷ್ಟವನ್ನು ಅಳೆಯುವುದು ಅಸಾಧ್ಯವಾದ್ದರಿಂದ ಪ್ರದೇಶವನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕೆಂಬುದು ಅಲ್ಲಿನ ತರ್ಕ. ಇಂದಿನ ಯೋಜನೆಯೂ ಅದೇ ತರ್ಕದ ಮೇಲೆ ನಿಂತಿದೆ. ಪ್ರದೇಶವೇ ಅಳತೆಗೋಲಾದ ಮೇಲೆ, ರೈತನ ಹೆಸರು ಯಾವ ಪ್ರದೇಶದ ಪಟ್ಟಿಯಲ್ಲಿದೆ ಎಂಬುದು ಎಲ್ಲಕ್ಕಿಂತ ಮುಖ್ಯವಾಗುತ್ತದೆ.

ಒಂದು ಕಾಲ್ಪನಿಕ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ರಾಗಿಗೆ ಹೆಕ್ಟೇರಿಗೆ ವಿಮಾ ಮೊತ್ತ 40,000 ರೂಪಾಯಿ ಎಂದುಕೊಳ್ಳೋಣ. ಮುಂಗಾರಿನ ಆಹಾರ ಬೆಳೆಗೆ ರೈತನ ಪಾಲಿನ ಕಂತು ಶೇ. 2 ಆದ್ದರಿಂದ ಆತ ಕಟ್ಟುವುದು 800 ರೂಪಾಯಿ. ನೆರೆಹೊರೆಯ ಎರಡು ಪಂಚಾಯಿತಿಗಳಲ್ಲೂ ಪ್ರಾರಂಭಿಕ ಇಳುವರಿ ಹೆಕ್ಟೇರಿಗೆ 10 ಕ್ವಿಂಟಾಲ್ ಇರಲಿ. ಮಳೆ ಕೈಕೊಟ್ಟ ಮೊದಲ ಪಂಚಾಯಿತಿಯಲ್ಲಿ ಇಳುವರಿ 6 ಕ್ವಿಂಟಾಲಿಗೆ ಇಳಿದರೆ ಕೊರತೆ ಶೇ. 40, ಪರಿಹಾರ 16,000 ರೂಪಾಯಿ. ಎರಡನೆಯ ಪಂಚಾಯಿತಿಯಲ್ಲಿ ಒಂದೆರಡು ಹದ ಮಳೆ ಬಿದ್ದು 10 ಕ್ವಿಂಟಾಲ್ ಬಂದರೆ ಪರಿಹಾರ ಶೂನ್ಯ. ಮೊದಲ ಪಂಚಾಯಿತಿಯಲ್ಲಿ ಹೊಲವಿರುವ ರೈತನ ಅರ್ಜಿಯು ಎರಡನೆಯದರ ಹೆಸರಿನಲ್ಲಿ ದಾಖಲಾಗಿದ್ದರೆ, ಅವನ ಬೆಳೆ ಕಣ್ಣೆದುರಿಗೇ ಒಣಗಿದ್ದರೂ ಪಟ್ಟಿಯಲ್ಲಿ ಅವನಿಗೆ ನಷ್ಟವೇ ಆಗಿರುವುದಿಲ್ಲ.

ಗೊಂದಲ ಹುಟ್ಟುವ ಕಡೆಗಳು

ಒಂದು, ಊರಿನ ಹೆಸರು. ಹೊಸಹಳ್ಳಿ, ಕೊಪ್ಪಲು, ಅಗ್ರಹಾರ ಮುಂತಾದ ಹೆಸರುಗಳು ಒಂದೇ ಜಿಲ್ಲೆಯಲ್ಲಿ ಹಲವು ಕಡೆ ಇವೆ. ತಾಲ್ಲೂಕಿನ ಹೆಸರಿನಲ್ಲೂ ಎಚ್ಚರ ಬೇಕು. ನರಸೀಪುರ ಎಂದಷ್ಟೇ ಬರೆದರೆ ಅದು ಹಾಸನ ಜಿಲ್ಲೆಯ ಹೊಳೆನರಸೀಪುರವೂ ಆಗಬಹುದು, ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಆಗಬಹುದು. ಚನ್ನರಾಯಪಟ್ಟಣ ನಮ್ಮಲ್ಲಿ ತಾಲ್ಲೂಕು ಕೇಂದ್ರವಾದರೆ, ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲಿ ಅದೇ ಹೆಸರಿನ ಹೋಬಳಿಯಿದೆ. ಪಿನ್ ಕೋಡ್ ಬರೆಯುವುದು ಇಂತಹ ಕಡೆ ಉಪಯುಕ್ತ: ಹಾಸನ ನಗರಕ್ಕೆ 573201, ಹೊಳೆನರಸೀಪುರಕ್ಕೆ 573211, ಅರಕಲಗೂಡಿಗೆ 573102, ಚನ್ನರಾಯಪಟ್ಟಣಕ್ಕೆ 573116. ಗ್ರಾಮಗಳಿಗೆ ತಮ್ಮ ಅಂಚೆ ಕಚೇರಿಯ ಪಿನ್ ಬೇರೆ ಇರಬಹುದಾದ್ದರಿಂದ ಅದನ್ನು ವಿಚಾರಿಸಿ ಬರೆಯಬೇಕು.

ಎರಡು, ಮನೆ ಒಂದು ಕಡೆ, ಹೊಲ ಇನ್ನೊಂದು ಕಡೆ. ಆಧಾರ್ ಚೀಟಿಯಲ್ಲಿರುವುದು ವಾಸದ ವಿಳಾಸ. ಅರ್ಜಿ ತುಂಬುವವರು ಅದನ್ನೇ ಜಮೀನಿನ ವಿಳಾಸವೆಂದು ನಮೂದಿಸಿಬಿಡುವ ಅಪಾಯವಿದೆ. ಹೇಮಾವತಿ ಜಲಾಶಯದ ಮುಳುಗಡೆಯಿಂದ ಸ್ಥಳಾಂತರಗೊಂಡ ಕುಟುಂಬಗಳು ಮತ್ತು ಮಂಜೂರಾತಿಯಿಂದಲೋ ಕ್ರಯದಿಂದಲೋ ಬೇರೆ ಹೋಬಳಿಯಲ್ಲಿ ಜಮೀನು ಪಡೆದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಗಡಿ ಭಾಗದ ರೈತರ ಸ್ಥಿತಿ ಇನ್ನೂ ಸೂಕ್ಷ್ಮ. ಹಿರೀಸಾವೆ ಭಾಗದವರಿಗೆ ಮಂಡ್ಯ ಜಿಲ್ಲೆಯಲ್ಲಿ, ಹಳ್ಳಿಮೈಸೂರು ಮತ್ತು ಕೊಣನೂರು ಭಾಗದವರಿಗೆ ಮೈಸೂರು ಜಿಲ್ಲೆಯಲ್ಲಿ ಜಮೀನಿರುವುದು ಅಪರೂಪವಲ್ಲ. ಟೆಂಡರ್ ಮೂಲಕ ವಿಮಾ ಕಂಪನಿಗಳಿಗೆ ಜಿಲ್ಲೆಗಳನ್ನು ಹಂಚಲಾಗುವುದರಿಂದ, ಜಿಲ್ಲೆ ಬದಲಾದರೆ ಕಂಪನಿಯೂ ನೋಂದಣಿಯ ಕೊನೆಯ ದಿನವೂ ಬದಲಾಗಬಹುದು.

ಮೂರು, ಸರ್ವೆ ನಂಬರು ಮತ್ತು ಹಿಸ್ಸಾ. ಪೋಡಿ ಅಥವಾ ವಿಭಾಗದ ನಂತರ ಪಹಣಿಯಲ್ಲಿ ಹೊಸ ಹಿಸ್ಸಾ ನಂಬರು ಬರುತ್ತದೆ, ಆದರೆ ಬ್ಯಾಂಕಿನ ಸಾಲದ ಕಡತದಲ್ಲಿ ಹಳೆಯ ನಂಬರೇ ಉಳಿದಿರುತ್ತದೆ. ಸಾಲ ಪಡೆದ ರೈತರ ಅರ್ಜಿಯನ್ನು ಬ್ಯಾಂಕು ಅಥವಾ ಸಹಕಾರ ಸಂಘವೇ ತನ್ನ ಕಡತ ನೋಡಿ ಸಲ್ಲಿಸುವುದರಿಂದ ಹಳೆಯ ತಪ್ಪು ವರ್ಷ ವರ್ಷವೂ ಮರುಕಳಿಸುತ್ತದೆ. ತಂದೆಯ ನಿಧನದ ನಂತರ ಪೌತಿ ಖಾತೆಯಾಗದ ಜಮೀನುಗಳಲ್ಲಿ, ಪಹಣಿಯ 9ನೇ ಕಾಲಂನಲ್ಲಿರುವ ಹೆಸರಿಗೂ ಅರ್ಜಿದಾರರ ಹೆಸರಿಗೂ ತಾಳೆಯಾಗದೆ ತೊಡಕು ಉಂಟಾಗುತ್ತದೆ.

ನಾಲ್ಕು, ಬೆಳೆ ಸಮೀಕ್ಷೆ. ರಾಜ್ಯದ ‘ಸಂರಕ್ಷಣೆ’ ತಂತ್ರಾಂಶದಲ್ಲಿ ಅರ್ಜಿಯ ಬೆಳೆಯನ್ನು ಅದೇ ಸರ್ವೆ ನಂಬರಿನ ಬೆಳೆ ಸಮೀಕ್ಷೆಯ ದಾಖಲೆಯೊಂದಿಗೆ ಹೋಲಿಸಲಾಗುತ್ತದೆ. ಅರ್ಜಿಯಲ್ಲಿ ಸರ್ವೆ ನಂಬರು ತಪ್ಪಿದ್ದರೆ ನಿಮ್ಮ ಮುಸುಕಿನ ಜೋಳವನ್ನು ಬೇರೊಬ್ಬರ ತೆಂಗಿನ ತೋಟದೊಂದಿಗೆ ಹೋಲಿಸಿದಂತಾಗಿ, ಬೆಳೆ ತಾಳೆಯಾಗಲಿಲ್ಲವೆಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಗಬಹುದು. ರೈತನಿಗೆ ಇದು ಬೆಳೆಯ ತಪ್ಪಾಗಿ ಕಾಣುತ್ತದೆ. ಮೂಲದಲ್ಲಿ ಅದು ವಿಳಾಸದ ತಪ್ಪು.

ಐದು, ಹಣದ ವಿಳಾಸ. ಪರಿಹಾರವು ಆಧಾರ್ ಆಧಾರಿತವಾಗಿ ಪಾವತಿಯಾಗುವಾಗ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕ್ ಖಾತೆಗೆ ಹೋಗುತ್ತದೆ. ಕಂತು ಕಟ್ಟಿದ ಸೊಸೈಟಿಯ ಪಾಸ್‌ಬುಕ್ಕನ್ನು ಮಾತ್ರ ನೋಡಿ ಹಣ ಬಂದಿಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ. ಎಂದೋ ತೆರೆದು ಮರೆತ ಇನ್ನೊಂದು ಬ್ಯಾಂಕಿನ ಖಾತೆಯಲ್ಲಿ ಅದು ಜಮೆಯಾಗಿರಬಹುದು. ಆ ಖಾತೆ ನಿಷ್ಕ್ರಿಯವಾಗಿದ್ದರೆ ಪಾವತಿಯೇ ವಿಫಲವಾಗಬಹುದು.

ಹೊಸ ಬದಲಾವಣೆ: ಛಾಯಾಚಿತ್ರವೇ ವಿಳಾಸ

ಕೇಂದ್ರ ಕೃಷಿ ಸಚಿವಾಲಯವು 2025ರ ನವೆಂಬರ್‌ನಲ್ಲಿ ಪ್ರಕಟಿಸಿದ ತೀರ್ಮಾನದಂತೆ, ವನ್ಯಪ್ರಾಣಿಗಳಿಂದಾಗುವ ಬೆಳೆ ಹಾನಿ ಮತ್ತು ಭತ್ತದ ಗದ್ದೆ ಜಲಾವೃತವಾಗಿ ಆಗುವ ಹಾನಿಯನ್ನು 2026ರ ಮುಂಗಾರಿನಿಂದ ಸ್ಥಳೀಯ ವಿಕೋಪಗಳ ವರ್ಗಕ್ಕೆ ಸೇರಿಸಲಾಗುತ್ತಿದೆ. ಜಲಾವೃತ ಭತ್ತಕ್ಕಿದ್ದ ಈ ರಕ್ಷಣೆಯನ್ನು 2018ರಲ್ಲಿ ಕೈಬಿಡಲಾಗಿತ್ತು. ಕಾಡಾನೆಗಳ ಹಾವಳಿ ಇರುವ ಹಾಸನ ಜಿಲ್ಲೆಗೂ, ಹೇಮಾವತಿ ಮತ್ತು ಕಾವೇರಿ ತೀರದ ಭತ್ತದ ಗದ್ದೆಗಳಿಗೂ ಇದು ಮಹತ್ವದ ವಿಷಯ. ಯಾವ ಪ್ರಾಣಿಗಳು, ಯಾವ ಪ್ರದೇಶಗಳು ಎಂಬುದನ್ನು ರಾಜ್ಯ ಸರ್ಕಾರ ಅಧಿಸೂಚನೆಯಲ್ಲಿ ಗುರುತಿಸಬೇಕಾಗಿರುವುದರಿಂದ ರೈತರು ಆ ಅಧಿಸೂಚನೆಯನ್ನು ಗಮನಿಸಬೇಕು.

ಇಂತಹ ಹಾನಿಯಲ್ಲಿ ನಷ್ಟದ ಲೆಕ್ಕ ಆಯಾ ಹೊಲದ ಮಟ್ಟದಲ್ಲೇ ನಡೆಯುತ್ತದೆ. ಹಾನಿಯಾದ 72 ಗಂಟೆಗಳೊಳಗೆ ಬೆಳೆ ವಿಮೆ ಆ್ಯಪ್ ಮೂಲಕ, ಸ್ಥಳದ ಗುರುತು ಅಚ್ಚಾದ ಛಾಯಾಚಿತ್ರದೊಂದಿಗೆ ಮಾಹಿತಿ ಸಲ್ಲಿಸಬೇಕು. ಈ ಚಿತ್ರದಲ್ಲಿ ಅಕ್ಷಾಂಶ ಮತ್ತು ರೇಖಾಂಶಗಳು ದಾಖಲಾಗುತ್ತವೆ. ಆದ್ದರಿಂದ ಮೊಬೈಲಿನ ಸ್ಥಳ ಸೂಚಕವನ್ನು ಚಾಲೂ ಮಾಡಿ, ಹಾನಿಯಾದ ಹೊಲದೊಳಗೇ ನಿಂತು ಚಿತ್ರ ತೆಗೆಯಬೇಕು. ಮನೆಯಂಗಳದಲ್ಲಿ ಮುರಿದ ದಂಟು ಹಿಡಿದು ತೆಗೆದ ಚಿತ್ರವು ಮನೆಯ ವಿಳಾಸವನ್ನಷ್ಟೇ ಸಾಬೀತುಪಡಿಸುತ್ತದೆ. ಅರ್ಜಿಯಲ್ಲಿ ಒಂದು ಸರ್ವೆ ನಂಬರು, ಚಿತ್ರದಲ್ಲಿ ಇನ್ನೊಂದು ಜಾಗ ಎಂದಾದರೆ ನಿಜವಾದ ಹಾನಿಯೂ ಅನುಮಾನಕ್ಕೆ ಗುರಿಯಾಗುತ್ತದೆ.

ಅಂಚೆಯ ವಿಳಾಸವೂ ಮುಖ್ಯ

ಜೀವ ವಿಮೆ, ಜಾನುವಾರು ವಿಮೆ ಮತ್ತು ಟ್ರ್ಯಾಕ್ಟರ್ ವಿಮೆಗಳಲ್ಲಿ ನವೀಕರಣದ ಸೂಚನೆ ಅಥವಾ ತಿರಸ್ಕಾರದ ಪತ್ರ ಅಂಚೆಯಲ್ಲಿ ಬರಬಹುದು. ಸರಿಯಾದ ವಿಳಾಸ ಬರೆದು, ವೆಚ್ಚ ಪಾವತಿಸಿ, ನೋಂದಾಯಿತ ಅಂಚೆಯಲ್ಲಿ ಕಳುಹಿಸಿದ ಪತ್ರವು ತಲುಪಿದೆ ಎಂದೇ 1897ರ ಸಾಮಾನ್ಯ ಖಂಡಗಳ ಅಧಿನಿಯಮದ 27ನೇ ಪ್ರಕರಣ ಭಾವಿಸುತ್ತದೆ. ತಲುಪಲಿಲ್ಲವೆಂದು ತೋರಿಸುವ ಹೊರೆ ಪತ್ರ ಪಡೆಯಬೇಕಾದವರ ಮೇಲೆ ಬೀಳುತ್ತದೆ. ಕಂಪನಿಯೇ ವಿಳಾಸವನ್ನು ತಪ್ಪಾಗಿ ಬರೆದಿದ್ದರೆ ಈ ಭಾವನೆಯ ಬುನಾದಿಯೇ ಕುಸಿಯುತ್ತದೆ. ಆದ್ದರಿಂದ ತಡವಾಗಿ ಕೈಸೇರಿದ ಪತ್ರದ ಲಕೋಟೆಯನ್ನು ಎಸೆಯಬಾರದು. ಅದರ ಮೇಲಿನ ವಿಳಾಸ ಮತ್ತು ಅಂಚೆ ಮುದ್ರೆಯ ದಿನಾಂಕ ಸಾಕ್ಷ್ಯವಾಗುತ್ತವೆ. ಮನೆ ಬದಲಿಸಿದವರು ಹೊಸ ವಿಳಾಸವನ್ನು ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು. ಬೆಳೆ ವಿಮೆಯಲ್ಲಿ ಈ ಸ್ಥಾನ ಮೊಬೈಲ್ ಸಂಖ್ಯೆಗೆ ಸಂದಿದೆ. ಊರು ಬಿಟ್ಟು ಹೋದ ಮಗನ ಹಳೆಯ ಸಂಖ್ಯೆ ಅರ್ಜಿಯಲ್ಲಿದ್ದರೆ ಸಂದೇಶವೂ ಊರು ಬಿಟ್ಟು ಹೋಗುತ್ತದೆ.

ತಪ್ಪಿಗೆ ಹೊಣೆ ಯಾರು?

ಯೋಜನೆಯ ಮಾರ್ಗಸೂಚಿಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ಬ್ಯಾಂಕ್ ಶಾಖೆ, ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ಮುಂತಾದ ಸಂಸ್ಥೆಯ ತಪ್ಪು ಅಥವಾ ಲೋಪದಿಂದ ರೈತನಿಗೆ ಪರಿಹಾರ ತಪ್ಪಿದರೆ, ಆ ನಷ್ಟವನ್ನು ಅದೇ ಸಂಸ್ಥೆ ತುಂಬಿಕೊಡಬೇಕು. ಈ ನಿಯಮವನ್ನು ಅರಿತ ರೈತರು ಕಡಿಮೆ. ನಿಯಮದ ಪ್ರಯೋಜನ ಪಡೆಯಲು ತಪ್ಪು ಯಾರ ಕೈಯಲ್ಲಿ ಆಯಿತೆಂದು ತೋರಿಸಬೇಕು. ಸರಿಯಾದ ಪಹಣಿ ಕೊಟ್ಟಿದ್ದಕ್ಕೆ ದಾಖಲೆಯಿದ್ದರೆ ಹೊಣೆ ಸಂಸ್ಥೆಯದು. ರೈತನೇ ತಪ್ಪು ವಿವರ ಬರೆದು ಸಹಿ ಮಾಡಿದ್ದರೆ ವಾದ ದುರ್ಬಲವಾಗುತ್ತದೆ.

ಆದರೂ ಎಲ್ಲ ಎಚ್ಚರಿಕೆಯನ್ನೂ ರೈತನ ತಲೆಗೆ ಕಟ್ಟುವುದು ನ್ಯಾಯವಲ್ಲ. ವಿಮಾ ಘಟಕದ ಹೆಸರನ್ನು ರಸೀದಿಯಲ್ಲಿ ದೊಡ್ಡ ಕನ್ನಡ ಅಕ್ಷರಗಳಲ್ಲಿ ಮುದ್ರಿಸುವುದು ಮತ್ತು ಕೊನೆಯ ದಿನಕ್ಕೆ ಒಂದು ವಾರ ಮೊದಲು ಸರ್ವೆ ನಂಬರುಗಳ ಪಟ್ಟಿಯನ್ನು ಪಂಚಾಯಿತಿ ಕಚೇರಿಯಲ್ಲಿ ಅಂಟಿಸುವುದು ಹೆಚ್ಚು ಖರ್ಚಿನ ಕೆಲಸಗಳಲ್ಲ. ಬಿತ್ತನೆಗೆ ಮೊದಲು ಸಿಗುವ ಒಂದು ತಿದ್ದುಪಡಿ, ಕಟಾವಿನ ನಂತರದ ಹತ್ತು ಮನವಿಗಳಿಗಿಂತ ಮೇಲು.

ರೈತ ಬಾಂಧವರು ಅನುಸರಿಸಬೇಕಾದ ಕ್ರಮಗಳು

1. ನೋಂದಣಿಗೆ ಮುನ್ನ ಹೊಸ ಪಹಣಿ ಪಡೆದು ಗ್ರಾಮ, ಹೋಬಳಿ, ಸರ್ವೆ ನಂಬರು, ಹಿಸ್ಸಾ ಮತ್ತು ವಿಸ್ತೀರ್ಣವನ್ನು ಅರ್ಜಿಯೊಂದಿಗೆ ತಾಳೆ ನೋಡಿ.

2. ಫ್ರೂಟ್ಸ್ ತಂತ್ರಾಂಶದ ನಿಮ್ಮ ಎಫ್‌ಐಡಿಯಲ್ಲಿ ಎಲ್ಲ ಜಮೀನುಗಳೂ ಸೇರಿವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳಿ.

3. ಸಾಲ ಪಡೆದವರು ಬೆಳೆ ಬದಲಿಸಿದ್ದರೆ ಕೊನೆಯ ದಿನಕ್ಕಿಂತ ಕನಿಷ್ಠ 2 ದಿನ ಮೊದಲು ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ. ವಿಮೆ ಬೇಡವೆಂದರೆ 7 ದಿನ ಮೊದಲೇ ಬರೆದು ಕೊಡಬೇಕು. 2020ರ ಮುಂಗಾರಿನಿಂದ ಸಾಲಗಾರರಿಗೂ ಇದು ಐಚ್ಛಿಕ.

4. ಸಮೀಕ್ಷೆಯ ನಂತರ ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿನ ಬೆಳೆಯನ್ನು ನೋಡಿ; ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಿ.

5. ಆಧಾರ್‌ಗೆ ಯಾವ ಬ್ಯಾಂಕ್ ಖಾತೆ ಜೋಡಣೆಯಾಗಿದೆ ಎಂಬುದನ್ನು ಬ್ಯಾಂಕಿನಲ್ಲಿ ವಿಚಾರಿಸಿ.

6. ತೊಂದರೆಯಾದಲ್ಲಿ ಸಹಾಯವಾಣಿ 14447ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬಳಿಕ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೆ, ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಕುಂದುಕೊರತೆ ಸಮಿತಿಗೆ ಮನವಿ ಸಲ್ಲಿಸಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ವಾಸಸ್ಥಳದ ಜಿಲ್ಲಾ ಆಯೋಗದಲ್ಲೇ 2 ವರ್ಷಗಳೊಳಗೆ ದೂರು ಸಲ್ಲಿಸಬಹುದು; ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ.

ವಿಸ್ತರಣಾ ಕಾರ್ಯಕರ್ತರಿಗೆ

ನೋಂದಣಿಯ ಅವಧಿಯಲ್ಲಿ ಪ್ರತಿ ಪಂಚಾಯಿತಿಯಲ್ಲಿ ಒಂದು ದಿನವನ್ನು ಪಹಣಿ ಮತ್ತು ರಸೀದಿಗಳ ತಾಳೆಗಾಗಿ ಮೀಸಲಿಡುವುದು ಸೂಕ್ತ. ಗಡಿ ಗ್ರಾಮಗಳು, ಒಂದೇ ಹೆಸರಿನ ಗ್ರಾಮಗಳು ಮತ್ತು ಇತ್ತೀಚೆಗೆ ಪೋಡಿಯಾದ ಜಮೀನುಗಳ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿಕೊಂಡರೆ ಗಮನ ಕೊಡಬೇಕಾದ ಅರ್ಜಿಗಳು ಸುಲಭವಾಗಿ ಸಿಗುತ್ತವೆ. ಗ್ರಾಮ ಆಡಳಿತಾಧಿಕಾರಿ ಮತ್ತು ಸಹಕಾರ ಸಂಘದ ಕಾರ್ಯದರ್ಶಿಯವರನ್ನೂ ಅಂದು ಕರೆಸಿದರೆ ತಿದ್ದುಪಡಿ ಸ್ಥಳದಲ್ಲೇ ಆಗುತ್ತದೆ. ಆಲೂಗಡ್ಡೆ ಬೇಗ ಬಿತ್ತನೆಯಾಗುವ ಬೆಳೆಯಾದ್ದರಿಂದ ಹಾಸನ ತಾಲ್ಲೂಕಿನಲ್ಲಿ ಈ ಕೆಲಸ ಮೊದಲು ನಡೆಯಲಿ. ರಾಗಿ ಮತ್ತು ಭತ್ತದ ಪ್ರದೇಶಗಳನ್ನು ಅನಂತರ ಕೈಗೆತ್ತಿಕೊಳ್ಳಬಹುದು.